ಬಲಗೈ ಮುಟ್ಟಬೇಡಿ

ಅವರು ಸತ್ತ ಮೇಲೆ ನಮ್ಮ ಡಯಾಲಿಸಿಸ್ ಸೆಂಟರಿನಲ್ಲಿ ಎಲ್ಲರೂ ಅವರನ್ನು ಒಳ್ಳೆಯ ಮನುಷ್ಯ ಅಂದರು. ಸಿಸ್ಟರ್ ಅಂದರು, ನೆಲ ಒರೆಸುವ ಅಮ್ಮ ಅಂದರು, ಪಕ್ಕದ ಬೆಡ್ಡಿನ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಕೂಡ ಅಂದರು. ಅದೇ ಮ್ಯಾನೇಜರ್ ಮುಖಕ್ಕೆ ಅವರು ಒಂದು ದಿನ, "ಸಾರ್, ನಿಮ್ಮ ಷರ್ಟೂ ಪಾಲಿಯೆಸ್ಟರ್, ನಿಮ್ಮ ಮಾತೂ ಪಾಲಿಯೆಸ್ಟರ್," ಅಂದಿದ್ದರು. ಮ್ಯಾನೇಜರ್ ಅದನ್ನು ಮರೆತಿರಲಿಲ್ಲ. ಸತ್ತವರ ಬಗ್ಗೆ ಹಾಗೆ ಹೇಳಬೇಕು ಅಂತ ಹೇಳಿದರು, ಅಷ್ಟೆ.

ನಾನು ಹಾಗೆ ಹೇಳುವುದಿಲ್ಲ. ಅವರು ಒಳ್ಳೆಯವರಲ್ಲ. ಬಾಯಿ ಕೆಟ್ಟದ್ದು, ಹಠ ಜಾಸ್ತಿ, ಸುಳ್ಳು ಹೇಳುತ್ತಿದ್ದರು. ಆ ಸುಳ್ಳಿನಿಂದಲೇ ಸತ್ತರು. ಕಾಯಿಲೆ ಕೊಂದಿತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಾಯಿಲೆ ನನಗೂ ಇದೆ. ನಾನು ಇನ್ನೂ ಇದ್ದೇನಲ್ಲ.

ನಾನು ತಾಳವಾಡಿ ಕಡೆಯವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ತಿರುಪ್ಪೂರಿಗೆ ಬಂದೆ. ಬನಿಯನ್ ಕಂಪನಿಯಲ್ಲಿ ಇಸ್ತ್ರಿ ಟೇಬಲ್ಲಿನಲ್ಲಿ ನಿಂತೆ. ಒಂದು ದಿನ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು. ಟೆಸ್ಟು ಮಾಡಿ ಎರಡು ಕಿಡ್ನಿಯೂ ಹೋಗಿದೆ ಅಂದರು. ಅಕ್ಕನ ಮನೆ ಸೂಲೂರಿನಲ್ಲಿ ಇದ್ದುದರಿಂದ ಅಲ್ಲಿಗೆ ಬಂದೆ. ಅಲ್ಲಿಂದ ಕೋಯಮತ್ತೂರಿಗೆ ವಾರಕ್ಕೆ ಮೂರು ದಿನ ಬಸ್ಸು, ಡಯಾಲಿಸಿಸ್. ನನ್ನ ಕಥೆ ಇಷ್ಟೇ.

ಅವರು ನೆಗಮದಿಂದ ಬರುತ್ತಿದ್ದರು. ಉಕ್ಕಡಂ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಲ್ಲಿಂದ ಇನ್ನೊಂದು ಬಸ್ಸು. ನೆಗಮದಲ್ಲಿ ಹತ್ತಿ ಸೀರೆ ನೇಯುವವರು ಬಹಳ ಜನ ಇದ್ದಾರೆ. ಅವರದ್ದೂ ಅಂಥದ್ದೇ ಮನೆ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ಓದಲು ಬರುವುದು ತಮಿಳು ಮಾತ್ರ. ಬಿಳಿ ವೇಷ್ಟಿ, ಕೈಮಗ್ಗದ ಟವಲ್ಲು, ಎಣ್ಣೆ ಹಾಕಿ ಒತ್ತಿ ಬಾಚಿದ ತಲೆ. ಬೆಡ್ಡಿನ ಮೇಲೆ ಮಲಗುವ ಮುಂಚೆ ಸೆಂಟರಿನವರು ಹಾಸಿದ ಬೆಡ್‌ಶೀಟನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡುವರು. ಪ್ರತಿಸಲ ಅದೇ ಬೆಡ್‌ಶೀಟು, ಪ್ರತಿಸಲ ಅದೇ ಮುಖ.

ಮೊದಲ ಸಲ ನನ್ನ ಹತ್ತಿರ ಮಾತಾಡಿದ್ದು ನಾನು ಫೋನಿನಲ್ಲಿ ಅಕ್ಕನ ಜೊತೆ ಮಾತಾಡುವುದನ್ನು ಕೇಳಿ.

"ಏನ್ ತಂಬಿ, ಕನ್ನಡದವ್ನಾ ನೀನು?"

"ಹೂಂ."

"ಯಾವೂರು?"

"ತಾಳವಾಡಿ ಹತ್ರ."

"ಅದ್ಕೇ ತಾನ. ಮೈಸೂರು ರೇಡಿಯೋ ಮಾತಾಡ್ದಂಗೆ ಮಾತಾಡ್ತೀಯ." ಆಮೇಲೆ ನನ್ನ ಟೀಷರ್ಟನ್ನು ನೋಡಿದರು. "ಇದೇನು, ಬಟ್ಟೆಯಾ ಬಲೆಯಾ? ಮೀನು ಹಿಡಿಯೋಕೆ ಹೋಗ್ತೀಯಾ?"

"ಎಕ್ಸ್‌ಪೋರ್ಟ್ ಬಟ್ಟೆ ಮಾಮಾ. ಫಾರಿನ್‌ಗೆ ಹೋಗುತ್ತೆ."

"ಹೋಗ್ಲಿ. ಇಲ್ಲಿ ಇರಬಾರ್ದು ಅಂತ ತಾನ ಕಳಿಸೋದು."

ಅವತ್ತಿನಿಂದ ನಾನು ಅವರಿಗೆ ತಂಬಿ, ಅವರು ನನಗೆ ಮಾಮಾ. ಸಂಬಂಧ ಏನೂ ಇಲ್ಲ. ಆ ದೊಡ್ಡ ಹಾಲಿನಲ್ಲಿ ನನ್ನ ಭಾಷೆಯಲ್ಲಿ ಬೈಯುವವರು ಅವರೊಬ್ಬರೇ ಇದ್ದರು.

ಡಯಾಲಿಸಿಸ್ ಮಾಡಬೇಕಾದರೆ ಕೈಯಲ್ಲಿ ಒಂದು ಆಪರೇಷನ್ ಮಾಡುತ್ತಾರೆ. ಒಳಗಿನ ದೊಡ್ಡ ರಕ್ತನಾಳವನ್ನು ಮೇಲಿನ ನರಕ್ಕೆ ಸೇರಿಸಿ ಹೊಲಿಯುತ್ತಾರೆ. ಆ ನರ ದಪ್ಪವಾಗಿ ಹಗ್ಗದ ಹಾಗೆ ಎದ್ದು ನಿಲ್ಲುತ್ತದೆ. ಅದರ ಹೆಸರು ಫಿಸ್ಟುಲಾ. ಮುಟ್ಟಿದರೆ ಒಳಗೆ ಜುಂ ಅಂತ ಇರುತ್ತದೆ. ಅದಕ್ಕೆ ಎರಡು ಸೂಜಿ ಚುಚ್ಚಿ ಒಂದರಲ್ಲಿ ರಕ್ತ ತೆಗೆದು, ಮೆಷಿನ್‌ನಲ್ಲಿ ತೊಳೆದು, ಇನ್ನೊಂದರಲ್ಲಿ ಒಳಗೆ ಬಿಡುತ್ತಾರೆ. ಆ ಕೈ ಕೆಟ್ಟರೆ ಡಯಾಲಿಸಿಸ್ ಇಲ್ಲ. ಅದಕ್ಕೇ ಆ ಕೈಯಲ್ಲಿ ತೂಕ ಎತ್ತಬಾರದು, ವಾಚು ಕಟ್ಟಬಾರದು, ಬಿಪಿ ನೋಡಬಾರದು.

ಅವರ ಫಿಸ್ಟುಲಾ ಎಡಗೈಯಲ್ಲಿ ಇತ್ತು. ಆಪರೇಷನ್ ಆದ ಮೇಲೆ ಎಡಗೈ ಬೆರಳುಗಳು ತಣ್ಣಗಾಗಿಬಿಟ್ಟವು. ರಕ್ತ ಎಲ್ಲ ಅಡ್ಡದಾರಿ ಹಿಡಿದು ಹೋಗುತ್ತದೆ, ಬೆರಳಿಗೆ ತಲುಪುವುದಿಲ್ಲ, ಕೆಲವರಿಗೆ ಹಾಗಾಗುತ್ತದೆ ಅಂದರು. ಬೆರಳು ಮಡಿಸುತ್ತಿದ್ದರು, ಹಿಡಿಯುತ್ತಿದ್ದರು, ಆದರೆ ಹಿಡಿದದ್ದು ಏನು ಅಂತ ಬೆರಳಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಮಗ್ಗದ ನಾಜೂಕಿನ ಕೆಲಸ ಪೂರ್ತಿ ಬಲಗೈಗೆ ಬಂತು. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೂ ಬಿಗಿದ ನೂಲಿನಲ್ಲಿ, ಒಂದು ಎಳೆ ಹರಿದರೆ ಅದನ್ನು ಕಣ್ಣಿನಲ್ಲಿ ಹುಡುಕುವುದಲ್ಲವಂತೆ, ಬೆರಳಿನಲ್ಲಿ ಹುಡುಕುವುದಂತೆ. ಡಯಾಲಿಸಿಸ್ ಇಲ್ಲದ ದಿನ ಅವರು ಮನೆಯಲ್ಲಿ ನೆಲದ ಗುಂಡಿಯೊಳಗೆ ಕಾಲಿಟ್ಟು ಕೂರುವ ಮಗ್ಗಕ್ಕೆ ಇಳಿಯುತ್ತಿದ್ದರು. ಕೂರಬಾರದು ಅಂತ ಡಾಕ್ಟರ್ ಹೇಳಿಯಾಗಿತ್ತು. "ಬಿಟ್ಟು ವರ್ಷ ಆಯ್ತು ಡಾಕ್ಟರ್," ಅಂತ ಇವರೂ ಹೇಳಿಯಾಗಿತ್ತು.

"ಮಗ್ಗದಲ್ಲಿ ಕೂತ್ರೆ ನಾನ್ ಪೇಷಂಟ್ ಅಲ್ಲ ತಂಬಿ," ಅಂದರು ಒಂದು ಸಲ. "ಇಲ್ಲಿ ಬಂದ್ರೆ ನಂಬರು. ಅಲ್ಲಿ ಕೂತ್ರೆ ನನ್ನ ಹೆಸ್ರು."

ಹೀಗಾಗಿ ಬಲಗೈಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಎಡಗೈಯಲ್ಲಿ ಫಿಸ್ಟುಲಾ ಇರುವವರಿಗೆ ಬಿಪಿ ಬಲಗೈಯಲ್ಲೇ ನೋಡಬೇಕು. ಇವರು ಕೂಗಾಡುತ್ತಿದ್ದರು. ಹೊಸ ಸಿಸ್ಟರ್ ಯಾರಾದರೂ ಬಿಪಿ ಪಟ್ಟಿ ಹಿಡಿದುಕೊಂಡು ಬಲಗಡೆ ಬಂದರೆ ಕೈ ಎದೆ ಮೇಲಿಟ್ಟು ಟವಲ್ ಮುಚ್ಚಿಬಿಡುವರು. "ಬಲಗೈ ಮುಟ್ಟಬೇಡಿ. ಕಾಲು ಇದೆಯಲ್ಲ, ಅಲ್ಲಿ ಕಟ್ಟಿ." ಒಂದು ಹುಡುಗಿ ಅತ್ತೇಬಿಟ್ಟಳು. ಇವರು ಕ್ಷಮೆ ಕೇಳಲಿಲ್ಲ. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು. ಇವರಿಗೆ ಬಿಪಿ ಅಂದರೆ ಕಾಲಿನಲ್ಲಿ. ಕಾಲಿನಲ್ಲಿ ನೋಡಿದರೆ ಬಿಪಿ ಜಾಸ್ತಿಯೇ ತೋರಿಸುತ್ತದೆ ಅಂತ ಸಿಸ್ಟರ್‌ಗಳಿಗೆ ಗೊತ್ತು. ಹಾಗಾಗಿ ಜಾಸ್ತಿ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಅವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ತಿಂಗಳಿಗೆ ಒಂದು ಸಲ ಫ್ಲೋ ಅಕ್ಕ ಬರುತ್ತಿದ್ದರು. ಫಿಸ್ಟುಲಾದಲ್ಲಿ ರಕ್ತ ಎಷ್ಟು ಓಡುತ್ತಿದೆ ಅಂತ ಅಳೆಯುವ ಟೆಕ್ನಿಷಿಯನ್ ಅವರು. ನಾವು ಇಟ್ಟ ಹೆಸರು ಫ್ಲೋ ಅಕ್ಕ. ಹಲವು ಸೆಂಟರ್‌ಗಳಿಗೆ ಸೇರಿ ಇದ್ದದ್ದು ಒಂದೇ ಮೆಷಿನ್ನು. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಊರೂರು ಸುತ್ತುವರು. ಬಂದರೆ ರಕ್ತದ ಎರಡು ಟ್ಯೂಬಿಗೂ ಒಂದೊಂದು ಕ್ಲಿಪ್ಪು ಹಾಕುವರು. ಟ್ಯೂಬನ್ನು ಅದಲುಬದಲು ಮಾಡುವರು. ಒಂದು ಸಿರಿಂಜ್ ಉಪ್ಪುನೀರು ಒಳಗೆ ಬಿಡುವರು. ಆ ನೀರು ಕಲೆತ ರಕ್ತ ಎಷ್ಟು ತೆಳ್ಳಗಾಯಿತು ಅಂತ ಕ್ಲಿಪ್ಪು ಹಿಡಿದು ಹೇಳುತ್ತದೆ. ಸ್ಕ್ರೀನ್ ಮೇಲೆ ಒಂದು ನಂಬರ್ ಬರುತ್ತದೆ. ಅದೇ ನಮ್ಮ ಫ್ಲೋ.

ನನಗೆ ಅರ್ಥವಾಗಲಿಲ್ಲ ಅಂದಾಗ ಅವರು ತಮಿಳಿನಲ್ಲಿ ಹೀಗೆ ಹೇಳಿದ್ದರು: "ಬೋರ್‌ವೆಲ್ ನೋಡಿದ್ದೀಯಲ್ಲ? ಬೋರಿನಲ್ಲಿ ಎಷ್ಟು ನೀರು ಊರುತ್ತೆ ಅಂತ ನೋಡದೆ ಮೋಟಾರ್ ಓಡಿಸಿದರೆ ಏನಾಗುತ್ತೆ? ಮೋಟಾರ್ ಓಡುತ್ತಾ ಇರುತ್ತೆ, ಒಂದು ದಿನ ಗಾಳಿ ಬರುತ್ತೆ. ಹಾಗೆ. ಹೊರಗಿಂದ ಕೈ ಚೆನ್ನಾಗೇ ಇರುತ್ತೆ. ಒಳಗೆ ಎಲ್ಲೋ ನರ ಸಣ್ಣದಾಗ್ತಾ ಬರುತ್ತೆ. ನಂಬರ್ ಇಳಿದರೆ ಮೊದಲೇ ಗೊತ್ತಾಗುತ್ತೆ. ಬಲೂನ್ ಹಾಕಿ ಅಗಲ ಮಾಡಬಹುದು. ಪೂರ್ತಿ ಕಟ್ಟಿಕೊಂಡ ಮೇಲೆ ಗೊತ್ತಾದರೆ ಕಷ್ಟ."

ಮಾಮಾ ಮಧ್ಯೆ ಬಾಯಿ ಹಾಕಿದರು. "ಅವ್ನು ಇಸ್ತ್ರಿ ಹಾಕೋನು ಅಮ್ಮಾ. ಬೋರು ಗೀರು ಅಂದ್ರೆ ತಿಳಿಯಲ್ಲ. ಸ್ಟೀಮು ಅನ್ನಿ."

ಫ್ಲೋ ಅಕ್ಕ ನಕ್ಕರು. ಅವರಿಗೆ ಇವರ ಮೇಲೆ ಪ್ರೀತಿ ಇತ್ತು. ಒಂದು ಸಲ ಅವರ ಸೀರೆಯನ್ನು ನೋಡಿ ಇವರು, "ನಮ್ಮೂರಿಂದು. ಒಳ್ಳೆ ಕೈ. ಅಂಚಿನ ಹತ್ರ ಮಾತ್ರ ಅವಸರ ಮಾಡಿದ್ದಾನೆ," ಅಂದಿದ್ದರು. ಆಮೇಲೆ ಅಕ್ಕ ಈ ಸೆಂಟರಿಗೆ ಬರುವ ದಿನ ನೆಗಮದ ಸೀರೆಯನ್ನೇ ಉಟ್ಟು ಬರುತ್ತಿದ್ದರು. ಇವರು ಅದನ್ನೂ ಹೊಗಳಲಿಲ್ಲ.

ಒಂದು ತಿಂಗಳು ಇವರ ನಂಬರ್ ಇಳಿಯಿತು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಡೈ ಬಿಟ್ಟು ಫೋಟೋ ತೆಗೆದು, ಮೇಲ್ಗೈಯಲ್ಲಿ ನರ ಸಣ್ಣದಾದ ಕಡೆ ಬಲೂನ್ ಹಾಕಿ ಅಗಲ ಮಾಡಿ ಕಳಿಸಿದರು. ದೊಡ್ಡ ಕೆಲಸ ಏನೂ ಅಲ್ಲ. ಬೆಳಿಗ್ಗೆ ಹೋಗಿ ಸಂಜೆ ಬಂದರು. ಮಾರನೇ ಸಲ ಡಯಾಲಿಸಿಸ್‌ಗೆ ಬಂದಾಗ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ನೋವಾ ಮಾಮಾ?"

"ನೋವಲ್ಲ."

"ಮತ್ತೆ?"

"ಆ ಡಾಕ್ಟರ್ ಏನ್ ಅಂದ ಗೊತ್ತಾ? ಬೆನ್ನು ತಟ್ಟಿ ಅಂದ. ಕವಲೆಪಡಬೇಡಿ ಅಯ್ಯಾ, ಇದು ಹೋದ್ರೂ ಬಲಗೈ ಹಾಗೇ ಇದೆಯಲ್ಲ, ಅಂತ."

ಡಾಕ್ಟರ್ ಧೈರ್ಯ ಹೇಳಿದ್ದು. ಚಿಂತೆ ಮಾಡಬೇಡಿ ಅಂತಲೇ ಹೇಳಿದ್ದು. ಎದುರಿಗೆ ಮಲಗಿದ್ದ ಮನುಷ್ಯ ಏನು ಕೆಲಸ ಮಾಡುತ್ತಾನೆ ಅಂತ ಕೇಳಿರಲಿಲ್ಲ. ಕೇಳಿದ್ದರೂ ಇವರು ಸುಳ್ಳು ಹೇಳುತ್ತಿದ್ದರು, ಅದು ಬೇರೆ ಮಾತು. ಆದರೆ ಆ ಒಂದು ಮಾತು ಇವರೊಳಗೆ ಕೂತುಬಿಟ್ಟಿತು. ಎಡಗೈ ಕೆಟ್ಟರೆ ಬಲಗೈ ಕೊಯ್ಯುತ್ತಾರೆ. ಬಲಗೈ ಕೊಯ್ದರೆ ಆ ಬೆರಳೂ ತಣ್ಣಗಾಗುತ್ತದೆ. ಆಮೇಲೆ ಮಗ್ಗ ಇಲ್ಲ. ನಂಬರ್ ಇಳಿದರೆ ಬಲಗೈ ಹೋಗುತ್ತದೆ ಅಂತ ಅವರು ಲೆಕ್ಕ ಹಾಕಿದರು. ಇದು ತಪ್ಪು ಲೆಕ್ಕ. ನಂಬರ್ ಇಳಿದಾಗ ಸರಿ ಮಾಡಿಸಿಕೊಂಡರೆ ಎಡಗೈ ಉಳಿಯುತ್ತದೆ, ಎಡಗೈ ಉಳಿದರೆ ಬಲಗೈ ಉಳಿಯುತ್ತದೆ. ಅಳೆಯುವುದೇ ಅದಕ್ಕೆ. ನನಗೇ ಅರ್ಥವಾಗಿತ್ತು. ಅವರಿಗೆ ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳಲು ಇಷ್ಟ ಇರಲಿಲ್ಲವೋ.

ಮುಂದಿನ ತಿಂಗಳು ಫ್ಲೋ ಅಕ್ಕ ಬರುವ ದಿನ ನಾನು ಬೇಗ ಬಂದಿದ್ದೆ. ಸೆಂಟರ್ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಅವರು ಕೂತಿದ್ದರು. ಪಕ್ಕದಲ್ಲಿ ಚಿಕ್ಕ ಸ್ಟೀಲ್ ಡಬ್ಬಿ. ಒಳಗೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಒಂದೊಂದೇ ತುಂಡು ಬಾಯಿಗೆ ಹಾಕಿ ಚೀಪುತ್ತಿದ್ದರು. ಉಪ್ಪು ನಮಗೆ ವಿಷ. ಹುಳಿ ಮಾವಿನಕಾಯಿ ಇನ್ನೂ ವಿಷ. ಮೊದಲ ದಿನವೇ ಹೇಳಿಕೊಡುತ್ತಾರೆ.

"ಮಾಮಾ, ಏನಿದು?"

"ಔಷಧಿ."

"ತಲೆ ಕೆಟ್ಟಿದೆಯಾ?"

"ಕೂತ್ಕೋ, ಕೂಗ್ಬೇಡ." ಸುತ್ತ ನೋಡಿ ದನಿ ತಗ್ಗಿಸಿದರು. "ಬಿಪಿ ಏರಿದ್ರೆ ರಕ್ತ ಜೋರಾಗ್ ಓಡುತ್ತೆ. ಜೋರಾಗ್ ಓಡಿದ್ರೆ ನಂಬರ್ ಏರುತ್ತೆ. ಆ ಅಮ್ಮನೇ ಹೇಳಿದ್ದು. ಹೋದ ಸಲ ಬಿಪಿ ಕಮ್ಮಿ ಇದೆ, ಅದ್ಕೂ ನಂಬರ್ ಸ್ವಲ್ಪ ಕಮ್ಮಿ ಬಂದಿರ್ಬೋದು ಅಂತ. ಬೆಳಿಗ್ಗೆ ಬಿಪಿ ಮಾತ್ರೆ ಹಾಕ್ಲಿಲ್ಲ. ನಿನ್ನೆಯಿಂದ ಇದು. ನೋಡ್ತಾ ಇರು."

"ಸತ್ತೋಗ್ತೀರ."

"ಸತ್ರೆ ಸತ್ತೆ. ಬಲಗೈ ಇಟ್ಕೊಂಡ್ ಸಾಯ್ತೀನಿ."

ಅವರು ನಗುತ್ತಿದ್ದರು. ಕಣ್ಣು ಕೆಂಪಾಗಿತ್ತು, ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು. ಒಂದು ತುಂಡು ನನ್ನ ಕಡೆ ಚಾಚಿದರು. "ನಿಂಗೂ ಬೇಕಾ? ನಿನ್ನ ನಂಬರೂ ಹೋದ ತಿಂಗಳು ಅಷ್ಟಕ್ಕಷ್ಟೇ ತಾನ."

ನಾನು ತೆಗೆದುಕೊಳ್ಳಲಿಲ್ಲ.

ಅವತ್ತು ಕಾಲಿನಲ್ಲಿ ಬಿಪಿ ನೋಡಿದರು. ಜಾಸ್ತಿ ಇತ್ತು. ಕಾಲಲ್ವಾ, ಅಂದರು ಸಿಸ್ಟರ್. ಫ್ಲೋ ಅಕ್ಕ ಕ್ಲಿಪ್ಪು ಹಾಕಿ, ಉಪ್ಪುನೀರು ಬಿಟ್ಟು, ಸ್ಕ್ರೀನ್ ನೋಡಿದರು. ನಂಬರ್ ಚೆನ್ನಾಗಿ ಬಂದಿತ್ತು. "ಬಲೂನ್ ಕೆಲಸ ಮಾಡಿದೆ ಅಯ್ಯಾ," ಅಂತ ಸಂತೋಷಪಟ್ಟರು. ಇವರು ನನ್ನ ಕಡೆ ತಿರುಗಿ ಒಂದು ಕಣ್ಣು ಹೊಡೆದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ಕನ್ನಡದಲ್ಲಿ, "ಅವ್ರೂ ಉಪ್ಪೇ ತಾನ ಹಾಕಿದ್ದು. ನಾನೂ ಸ್ವಲ್ಪ ಹಾಕ್ದೆ," ಅಂದರು.

ನಗು ಬಂತು. ನಕ್ಕೆ. ಅವರ ಜೊತೆ ಸಿಟ್ಟು ಮಾಡಿಕೊಂಡೇ ಇರಲು ಆಗುತ್ತಿರಲಿಲ್ಲ, ಅದೇ ಕಷ್ಟ.

ಮತ್ತೆ ಕೆಲವು ತಿಂಗಳು ಅದೇ ನಡೆಯಿತು. ಅಳೆಯುವ ದಿನ ಬಂದರೆ ಡಬ್ಬಿ ಬರುತ್ತಿತ್ತು. ಆದರೆ ನಂಬರ್ ಹಾಗೇ ನಿಲ್ಲಲಿಲ್ಲ. ಉಪ್ಪು ತಿಂದೂ ಇಳಿಯಲು ಶುರುವಾಯಿತು. ಅಂದರೆ ಒಳಗೆ ನರ ಮತ್ತೆ ಸಣ್ಣದಾಗುತ್ತಿತ್ತು. ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ತುಂಬ ಹೊತ್ತು ಹಿಡಿಯುತ್ತಿತ್ತು. ಅದೂ ಒಂದು ಗುರುತು ಅಂತ ಸಿಸ್ಟರ್ ಹೇಳಿದ್ದರು. ಒಂದು ತಿಂಗಳು ನಂಬರ್ ಕಮ್ಮಿ ಅಂದರೂ ಇಷ್ಟಿರಬೇಕು ಅನ್ನುವ ಗೆರೆಯ ಹತ್ತಿರ ಬಂದು ನಿಂತಿತು, ಕೆಳಗೆ ಹೋಗಲಿಲ್ಲ. ಗೆರೆಯ ಕೆಳಗೆ ಹೋದರೆ ತಾನೇ ಆಸ್ಪತ್ರೆಗೆ ಕಳಿಸುವುದು.

ಆ ದಿನ ನಾನು ಸುಮ್ಮನಿರಲಿಲ್ಲ. ಫ್ಲೋ ಅಕ್ಕ ಸ್ಕ್ರೀನ್ ನೋಡಿ ಯೋಚನೆ ಮಾಡುತ್ತಾ ನಿಂತಿದ್ದಾಗ ಎಲ್ಲರೆದುರಿಗೇ ತಮಿಳಿನಲ್ಲಿ ಹೇಳಿದೆ. "ಅಕ್ಕಾ, ಅವರು ಬಿಪಿ ಮಾತ್ರೆ ಹಾಕಿಲ್ಲ. ಉಪ್ಪು ಮಾವಿನಕಾಯಿ ತಿಂದು ಬಂದಿದ್ದಾರೆ. ಪ್ರತಿ ತಿಂಗಳು ಹೀಗೇ ಮಾಡ್ತಾರೆ."

ಅಕ್ಕ ಅವರ ಕಡೆ ನೋಡಿದರು. "ನಿಜವಾ ಅಯ್ಯಾ?"

ಇವರು ಕದಲಲಿಲ್ಲ. "ಆ ಹುಡ್ಗಂಗೆ ಹೊಟ್ಟೆಕಿಚ್ಚು ಅಮ್ಮಾ. ಅವನ ನಂಬರ್ ನನಗಿಂತ ಕಮ್ಮಿ. ಈ ವಯಸ್ಸಲ್ಲಿ ಪಾಪ, ಕೈಯಲ್ಲಿ ರಕ್ತ ಇಲ್ಲ." ಎಲ್ಲರೂ ನಕ್ಕರು. ಪಾಲಿಯೆಸ್ಟರ್ ಮ್ಯಾನೇಜರ್ ಕೂಡ ನಕ್ಕರು.

ಅಕ್ಕ ನಗಲಿಲ್ಲ. "ಬಲಗೈ ಕೊಡಿ, ಬಿಪಿ ನೋಡ್ತೀನಿ," ಅಂದರು.

ಇವರು ಟವಲ್ ಮುಚ್ಚಿದರು. "ಅದು ಮಾತ್ರ ಆಗಲ್ಲ."

ಅಕ್ಕ ಬೇಡಿಕೊಂಡರು. ಆಮೇಲೆ, ನಂಬರ್ ಏನೇ ಇರಲಿ, ಸ್ಕ್ಯಾನ್ ಮಾಡಿಸಿ ಬನ್ನಿ, ನಾನು ಡಾಕ್ಟರ್‌ಗೆ ಹೇಳ್ತೀನಿ, ಅಂದರು. ಡಾಕ್ಟರ್ ಬಂದರು, ಬರೆದುಕೊಟ್ಟರು. ಇವರು ಆಗಲಿ ಅಂತ ತಲೆ ಆಡಿಸಿದರು. ಮರುದಿನವೇ ಅಕ್ಕನ ಪೆಟ್ಟಿಗೆ ಬೇರೆ ಸೆಂಟರಿಗೆ ಹೋಯಿತು. ಸ್ಕ್ಯಾನಿಗೆ ಹೋದಿರಾ ಅಂತ ಸಿಸ್ಟರ್ ಕೇಳಿದಾಗಲೆಲ್ಲ, "ಬರೋ ವಾರ," ಅಂದರು. ನನ್ನ ಜೊತೆ ಮಾತು ಬಿಟ್ಟರು. ಬೆಡ್ಡು ಬದಲಾಯಿಸಿಕೊಂಡರು. ಅಷ್ಟು ದೂರದಿಂದ ನನಗೆ ಕೇಳುವ ಹಾಗೆ ಮ್ಯಾನೇಜರ್ ಜೊತೆ ತಮಿಳಿನಲ್ಲಿ, "ಕೆಲವು ಹುಡುಗ್ರಿಗೆ ಬಾಯಿ ಮಾತ್ರ ಚೆನ್ನಾಗ್ ಓಡುತ್ತೆ, ಅದಕ್ಕೆ ಫ್ಲೋ ನೋಡೋದೇ ಬೇಡ," ಅಂದರು.

ಒಂದು ಸೋಮವಾರ ಅವರು ಬಂದಾಗ ಸಿಸ್ಟರ್ ಎಡಗೈ ಮೇಲೆ ಬೆರಳಿಟ್ಟು ನೋಡಿದರು. ಮತ್ತೆ ನೋಡಿದರು. ಸ್ಟೆತಸ್ಕೋಪ್ ಇಟ್ಟರು. ಜುಂ ಇಲ್ಲ. ಕೈ ಪೂರ್ತಿ ಸುಮ್ಮನಾಗಿತ್ತು.

"ಯಾವಾಗಿಂದ ಅಯ್ಯಾ?"

"ಶನಿವಾರದಿಂದ ಇರ್ಬೋದು."

"ಅವತ್ತೇ ಯಾಕೆ ಬರ್ಲಿಲ್ಲ?"

ಶನಿವಾರ, ಭಾನುವಾರ ಮಗ್ಗದಲ್ಲಿ ಕೂತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಕೈ ಸುಮ್ಮನಾದದ್ದು ಗೊತ್ತಾದ ಮೇಲೇ ಕೂತಿದ್ದರು.

ಕಟ್ಟಿಕೊಂಡ ರಕ್ತವನ್ನು ಕರಗಿಸಲು ನೋಡಿದರು, ಆಗಲಿಲ್ಲ. ತಡವಾಗಿದೆ ಅಂದರು. ಸದ್ಯಕ್ಕೆ ಕುತ್ತಿಗೆಯಲ್ಲಿ ಒಂದು ಪೈಪ್ ಹಾಕಿ ಅದರಲ್ಲಿ ಡಯಾಲಿಸಿಸ್ ಮಾಡಿದರು. ಅದು ಇರುವವರೆಗೆ ಜ್ವರದ ಭಯ, ಬೇಗ ಬಲಗೈಯಲ್ಲಿ ಫಿಸ್ಟುಲಾ ಮಾಡಬೇಕು, ಎಲ್ಲರ ಬೆರಳೂ ತಣ್ಣಗಾಗುವುದಿಲ್ಲ, ಎಚ್ಚರಿಕೆಯಿಂದ ಮಾಡುತ್ತೇವೆ ಅಂತ ಬೇರೆ ಡಾಕ್ಟರ್ ಒಬ್ಬರು ಕೂತು ಹೇಳಿದರು. ಒಳ್ಳೆಯ ಡಾಕ್ಟರ್. ಇವರು ಎಲ್ಲ ಕೇಳಿ, "ಮನೇಲಿ ಕೇಳಿ ಹೇಳ್ತೀನಿ," ಅಂದರು. ಮನೆಯಲ್ಲಿ ಕೇಳುವ ಜನವಾ ಅವರು.

ಆಗ ನಾನೇ ಮೊದಲು ಮಾತಾಡಿಸಿದೆ. ಅವರ ಬೆಡ್ಡಿನ ಹತ್ತಿರ ಹೋಗಿ ನಿಂತೆ.

"ಮಾಮಾ, ಬಲಗೈ ಕೊಡಿ. ಜೀವ ಇದ್ರೆ ತಾನೆ ಸೀರೆ."

ಕುತ್ತಿಗೆಯ ಪೈಪಿನಿಂದ ತಲೆ ತಿರುಗಿಸಲು ಆಗುತ್ತಿರಲಿಲ್ಲ. ಸೀಲಿಂಗ್ ನೋಡಿಕೊಂಡೇ ಹೇಳಿದರು. "ನೀನ್ ಇಸ್ತ್ರಿ ಬಿಟ್ಟೆ, ಅವತ್ತೇ ಅಲ್ಲಿ ಇನ್ನೊಬ್ಬ ನಿಂತ. ನಿಂತ ತಾನ? ನಂದು ಹಂಗಲ್ಲ. ನಾನ್ ಎದ್ರೆ ಆ ಮಗ್ಗ ನಿಂತೋಗುತ್ತೆ."

"ನಿಂತೋಗ್ಲಿ."

"ನಿಂಗ್ ಹೇಳೋಕೆ ಸುಲಭ. ನೀನ್ ಮಾಡಿದ್ ಕೆಲ್ಸಕ್ಕೆ ನಿನ್ನ ಹೆಸ್ರಿಲ್ಲ."

ಇದು ಅವರು ನನಗೆ ಹೇಳಿದ ಕೊನೆಯ ಮಾತು. ಸಾಯುವವನು ಹೇಳಿದ್ದು ಅಂತ ಬಿಟ್ಟುಬಿಡಬಹುದು. ನಾನು ಬಿಟ್ಟಿಲ್ಲ. ಮುಂದಿನ ವಾರ ಡಯಾಲಿಸಿಸ್ ಮಧ್ಯೆ ಅವರಿಗೆ ನಡುಕ ಬಂತು. ಪೈಪಿನಿಂದ ಸೋಂಕು ರಕ್ತಕ್ಕೆ ಹೋಗಿತ್ತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಅವರು ಬರಲಿಲ್ಲ. ಬಲಗೈಯನ್ನು ಯಾರೂ ಕೊಯ್ಯಲಿಲ್ಲ. ಹೇಳಿದ ಹಾಗೇ ಇಟ್ಟುಕೊಂಡು ಹೋದರು.

ಡಯಾಲಿಸಿಸ್ ಇಲ್ಲದ ಒಂದು ದಿನ ನಾನು ನೆಗಮಕ್ಕೆ ಹೋದೆ. ಯಾಕೆ ಹೋದೆ ಅಂದರೆ ಗೊತ್ತಿಲ್ಲ. ಬೈಯಬೇಕು ಅಂತ ಇತ್ತು, ಬೈಸಿಕೊಳ್ಳುವವರು ಇರಲಿಲ್ಲ. ಮನೆ ಕೇಳಿಕೊಂಡು ಹೋದೆ. ಬೀದಿಯಲ್ಲಿ ಎರಡೂ ಕಡೆ ಮಗ್ಗದ ಸದ್ದು. ಅವರ ಮನೆಯಿಂದಲೂ ಬರುತ್ತಿತ್ತು. ಬಾಗಿಲಲ್ಲಿ ನಿಂತು ಕರೆದೆ. ಸದ್ದು ನಿಂತಿತು. ಅವರ ಹೆಂಡತಿ ಬಂದರು. ಅವರನ್ನು ಆಸ್ಪತ್ರೆಯಲ್ಲಿ ಒಂದು ಸಲ ನೋಡಿದ್ದೆ.

"ಬಾ ತಂಬಿ, ತಾಳವಾಡಿ ಹುಡ್ಗ ತಾನ ನೀನು? ಕೂತ್ಕೋ. ಕಾಪಿ ಕೊಡ್ಲಾ? ಅಯ್ಯೋ, ನೀನೂ ಅವ್ರಂಗೇ ನೀರು ಅಳೆದು ಕುಡಿಯೋನು ತಾನ. ಅರ್ಧ ಲೋಟ ಕೊಡ್ತೀನಿ."

ಕಾಪಿ ಕುಡಿದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ನೀಲಿ, ಹಳದಿ ಚೌಕಳಿ. ನೇಯ್ಗೆ ನನಗೆ ಗೊತ್ತಿಲ್ಲ, ಆದರೂ ಇಸ್ತ್ರಿ ಹಾಕಿದ ಕಣ್ಣು, ಬಟ್ಟೆ ಸೊಟ್ಟ ಇದ್ದರೆ ಕಾಣುತ್ತದೆ. ಒಂದು ಗೆರೆಯೂ ಸೊಟ್ಟ ಇರಲಿಲ್ಲ.

"ಮಾಮಾ ಬಿಟ್ಟು ಹೋದದ್ದಾ ಅತ್ತೆ?"

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಅವ್ರು ಬಿಟ್ಟದ್ದು ಬಿಚ್ಚಿ ಹಾಕ್ದೆ," ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಬಲಗೈ ಬೆರಳೂ ಎಂದೋ ಮರಗಟ್ಟಲು ಶುರುವಾಗಿತ್ತಂತೆ. ಕಿಡ್ನಿ ಹೋದವರಿಗೆ ಮುಟ್ಟಿದ್ದನ್ನು ತಿಳಿಸುವ ನರ ಸಾಯುತ್ತದೆ, ಅದಕ್ಕೆ ಫಿಸ್ಟುಲಾನೇ ಬೇಕಿಲ್ಲ. ಹರಿದ ಎಳೆ ಅವರಿಗೆ ಸಿಗುತ್ತಿರಲಿಲ್ಲವಂತೆ. ಎಳೆ ಬಿಟ್ಟುಹೋಗಿ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತಿತ್ತು, ಚೌಕಳಿ ಜಾರುತ್ತಿತ್ತು. ಕಣ್ಣೂ ಮಂಜು. ಅವರಿಗೆ ಕಾಣುತ್ತಿರಲಿಲ್ಲ. ಸೀರೆ ತೆಗೆದುಕೊಳ್ಳುವ ಮುದಲಾಳಿ ಒಂದು ಸೀರೆಯನ್ನು ಅವರಿಲ್ಲದಾಗ ತಂದು ಅತ್ತೆಯ ಕೈಗೆ ಕೊಟ್ಟು, ಇನ್ನು ಇವರ ಸೀರೆ ಬೇಡ ಅಂದನಂತೆ.

"ಇವ್ರು ಡಯಾಲಿಸಿಸ್‌ಗೆ ಹೊರಟ್ರೆ ಸಂಜೆವರೆಗೂ ಬರಲ್ಲ ತಾನ. ಅಷ್ಟರಲ್ಲಿ ಅವ್ರು ನೇಯ್ದಿದ್ ಹೊಕ್ಕಿನ ಅಡ್ಡನೂಲು ಕತ್ತರ್ಸಿ ತೆಗೆದು, ಎಳೆ ಸೇರ್ಸಿ, ಮತ್ತೆ ಅಷ್ಟೇ ಉದ್ದ ನೇಯ್ದು ಇಟ್ಬಿಡ್ತಿದ್ದೆ. ಮಾರ್ನೇ ದಿನ ಕೂತ್ಕೊಂಡು ತಡವಿ ನೋಡಿ, ಮೊನ್ನೆ ಚೆನ್ನಾಗ್ ಬಂದಿದೆ ಅಂತಿದ್ರು."

"ಎಷ್ಟು ದಿನದಿಂದ?"

"ಬಲೂನ್ ಹಾಕ್ಸೋಕೂ ಮುಂಚೆಯಿಂದ."

ನಾನು ಲೋಟವನ್ನು ಕೆಳಗಿಟ್ಟೆ. ಉಪ್ಪು ಮಾವಿನಕಾಯಿ, ಬಿಪಿ ಮಾತ್ರೆ, ಕಾಲಿನ ಬಿಪಿ, ಸ್ಕ್ಯಾನಿಗೆ ಹೋಗದಿದ್ದದ್ದು, ಎಲ್ಲ ಹೇಳಿಬಿಟ್ಟೆ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಇಲ್ಲದ ಕೈಯನ್ನು ಉಳಿಸಿಕೊಳ್ಳಲು ಇದ್ದ ಕೈಯನ್ನು ಕೊಂದರು, ಅಂದೆ. ನೀವು ಹೇಳಿದ್ದರೆ ಬಲಗೈ ಕೊಟ್ಟುಬಿಡುತ್ತಿದ್ದರು, ಬದುಕಿರುತ್ತಿದ್ದರು, ಅಂದೆ.

ಅತ್ತೆ ಅಳಲಿಲ್ಲ. "ಮಾವಿನಕಾಯಿ ಜಾಡಿ ಖಾಲಿ ಆಗೋದು ನೋಡ್ತಿದ್ದೆ," ಅಂದರು. "ಬಾಯಿ ಕೇಳುತ್ತೆ ಪಾಪ, ಕದ್ದು ತಿಂತಾರೆ ಅನ್ಕೊಂಡೆ. ನಾನೂ ಕಂಡೂ ಕಾಣ್ದಂಗೆ ಇದ್ದೆ."

ಆಮೇಲೆ, "ಹೇಳಿದ್ರೆ ಕೈ ಕೊಡ್ತಿದ್ರು, ಸರಿ. ಇನ್ನು ನೇಯೋಕಾಗಲ್ಲ ಅಂತ ತಿಳಿದ್ಮೇಲೆ ಅವ್ರು ಬಸ್ ಹತ್ತಿ ನಿಮ್ಮಲ್ಲಿಗೆ ಬರ್ತಿದ್ರಾ ತಂಬಿ? ಅದು ನಂಗೊತ್ತಿಲ್ಲ. ನಿಂಗೊತ್ತಾ?" ಅಂದರು.

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.

ಹೊರಡಲು ಎದ್ದೆ. ಬಾಗಿಲವರೆಗೆ ಬಂದು ಕೇಳಿದರು. "ಅಲ್ಲಿ ನನ್ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

ಹೇಳುತ್ತಿದ್ದರು. ಸಿಸ್ಟರ್ ಯಾರಾದರೂ, ನಿಮ್ಮ ಹೆಂಡತಿಗೂ ನೇಯಲು ಬರುತ್ತಾ ಅಂತ ಕೇಳಿದರೆ, "ಅವ್ಳಿಗೇನ್ ಗೊತ್ತು, ನೂಲ್ ಸುತ್ತಿ ಕೊಡ್ತಾಳೆ," ಅನ್ನುತ್ತಿದ್ದರು. ಇನ್ನೇನೂ ಹೇಳಿದ್ದು ನಾನು ಕೇಳಿಲ್ಲ.

"ನೂಲು ಚೆನ್ನಾಗಿ ಸುತ್ತುತ್ತೀರ ಅಂತಿದ್ರು," ಅಂದೆ.

"ಹೂಂ," ಅಂದರು ಅತ್ತೆ. "ಅದು ಸುತ್ತುತೀನಿ."

ಒಳಗೆ ಹೋಗಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟರು.